ಆರನೆಯ ಪದ್ಯದ ಸರದಿ

ಸಂದರ್ಶನದ ದಿನವೇ ಪರೀಕ್ಷೆಯನ್ನೂ ಇಟ್ಟುಕೊಂಡಿದ್ದರು. ಯಾರ ತಲೆಗೆ ಹೊಳೆದ ಉಪಾಯವೋ ಕಾಣೆ. ನಮ್ಮ ವಿಶ್ವವಿದ್ಯಾಲಯದಲ್ಲಿ ಒಂದು ಕೋಣೆಯ ಮಾತು ಪಕ್ಕದ ಕೋಣೆಗೆ ತಲುಪಬೇಕಾದರೆ ಸುತ್ತೋಲೆಯೇ ಬೇಕು, ಆ ಸುತ್ತೋಲೆ ತಲುಪುವ ಹೊತ್ತಿಗೆ ಮಾತು ಹಳಸಿರುತ್ತದೆ.

ಜಪಾನಿ ಸಾಹಿತ್ಯದ ಸಹಾಯಕ ಪ್ರಾಧ್ಯಾಪಕರ ಹುದ್ದೆ ಒಂದೇ ಒಂದು. ಅದಕ್ಕೆ ಬಂದವರು ಆಯ್ಕೆ ಸಮಿತಿಯ ಎದುರಿಗೆ ಇಪ್ಪತ್ತು ನಿಮಿಷದ ಮಾದರಿ ಪಾಠ ಮಾಡಿ ತೋರಿಸಬೇಕು, ಪಾಠ ಕೇಳಲು ವಿದ್ಯಾರ್ಥಿಗಳೂ ಇರಬೇಕು ಎಂಬುದು ನಿಯಮ. ನನ್ನ ವಿಭಾಗದಲ್ಲಿ ಇರುವ ಮಕ್ಕಳು ಮೂವರೇ. ಆ ಮೂವರೂ ಕೆಳಗಿನ ಹಾಲ್‌ನಲ್ಲಿ ತಲೆ ತಗ್ಗಿಸಿ ಪರೀಕ್ಷೆ ಬರೆಯುತ್ತಿದ್ದರು. ಮೇಲಿನ ಕೋಣೆಯಲ್ಲಿ ಬೆಂಚುಗಳು ಮಾತ್ರ ಬಹಳ ಶಿಸ್ತಿನಿಂದ ಹಾಜರಿದ್ದವು.

ವಿಭಾಗ ಅಂದೆ. ನಿಜ ಹೇಳಬೇಕೆಂದರೆ ವಿಭಾಗ ಅಂದರೆ ನಾನೊಬ್ಬಳೇ. ಮುಖ್ಯಸ್ಥೆಯೂ ನಾನೇ, ಕೈಕೆಳಗಿನವಳೂ ನಾನೇ. ರಜೆ ಕೇಳುವವಳೂ ನಾನೇ, ಕೊಡದೆ ಸತಾಯಿಸುವವಳೂ ನಾನೇ. ಈ ವರ್ಷದ ಪಾಠಗಳು ಮುಗಿದರೆ ನನಗೆ ನಿವೃತ್ತಿ. ನನ್ನ ಜಾಗಕ್ಕೆ ಅವತ್ತು ಯಾರನ್ನೂ ಆರಿಸದೆ ಹೋದರೆ ಹುದ್ದೆ ಸಂಖ್ಯಾಶಾಸ್ತ್ರದವರ ಪಾಲಾಗುತ್ತದೆ, ನನ್ನ ಬಾಗಿಲ ಮೇಲಿನ ಫಲಕ ಇಳಿಯುತ್ತದೆ, ಮೂರು ಕಪಾಟು ಪುಸ್ತಕಗಳು ಗ್ರಂಥಾಲಯದ ನೆಲಮಾಳಿಗೆ ಸೇರುತ್ತವೆ. ಮೂವತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದು ಒಂದೇ ಮಧ್ಯಾಹ್ನದಲ್ಲಿ ಮಣ್ಣುಪಾಲಾಗುತ್ತದೆ.

ಆ ಹುದ್ದೆ ತನಗೆ ಬೇಕೆಂದು ಪಟ್ಟು ಹಿಡಿದಿದ್ದ ಸಂಖ್ಯಾಶಾಸ್ತ್ರದ ಮುಖ್ಯಸ್ಥ ಬೇರೆ ಯಾರೂ ಅಲ್ಲ, ನನ್ನ ಮೈದುನ. ನನ್ನ ಗಂಡನ ಒಡಹುಟ್ಟಿದ ತಮ್ಮ. ಅವನ ಬೇಡಿಕೆಯಲ್ಲಿ ನ್ಯಾಯವಿರಲಿಲ್ಲ ಅಂತಲ್ಲ. ಅವನ ತರಗತಿಯಲ್ಲಿ ಮಕ್ಕಳು ಕಿಟಕಿಯ ಕಟ್ಟೆ ಹತ್ತಿ ಕೂತಿರುತ್ತಾರೆ. ನನ್ನ ತರಗತಿಯಲ್ಲಿ ಒಬ್ಬಳಿಗೆ ನೆಗಡಿಯಾದರೆ ಮೂರನೇ ಒಂದು ಪಾಲು ಗೈರುಹಾಜರಿ. ಆದರೂ, ಇಡೀ ವಿಶ್ವವಿದ್ಯಾಲಯದಲ್ಲಿ ಅಣ್ಣನ ಹೆಂಡತಿಯ ವಿಭಾಗವೇ ಅವನ ಕಣ್ಣಿಗೆ ಬೀಳಬೇಕಿತ್ತೇ?

ನನ್ನವರು ಹೋಗಿ ಎರಡು ವರ್ಷವಾಗಿತ್ತು. ಮೆತ್ತಗಿನ ಮನುಷ್ಯ. ರಸ್ತೆ ದಾಟುವಾಗ ಜೊತೆಯಲ್ಲಿದ್ದವರ ಬಟ್ಟೆಯ ತುದಿಯನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಇಷ್ಟು ಪುಕ್ಕಲು ಗಂಡಸನ್ನು ಎಲ್ಲೂ ಕಂಡಿಲ್ಲ ಎಂದು ಮನೆಮಂದಿಯೆಲ್ಲ ನಗುತ್ತಿದ್ದೆವು. ನಾನಂತೂ 'ನಾನೇನು ಹಾಲು ಕುಡಿಯೋ ಮಗುನಾ, ಬಿಡ್ರೀ' ಎಂದು ನಡುರಸ್ತೆಯಲ್ಲೇ ಗದರಿದ್ದುಂಟು. ಅವರು ಹೋದ ಮೇಲೆ ಮೈದುನ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ. ಅಣ್ಣನ ಬಗ್ಗೆ ಒಂದು ಮಾತು ಆಡಲಿಲ್ಲ. ಕಾರಿಡಾರ್‌ನಲ್ಲಿ ಎದುರಾದರೆ 'ನಮಸ್ಕಾರ ಮೇಡಂ' ಅನ್ನುವನು. ನಾನೂ ಬಿಗುಮಾನಕ್ಕೇನೂ ಕಡಿಮೆಯವಳಲ್ಲ, 'ನಮಸ್ಕಾರ ಸರ್' ಅನ್ನುವೆನು. ಅತ್ತಿಗೆ ಎಂಬ ಪದ ಅವನ ಬಾಯಿಂದ ಎಲ್ಲಿ ಜಾರಿ ಬಿತ್ತೋ ಹುಡುಕಲು ನಾನು ಹೋಗಲಿಲ್ಲ.

ಸಮಿತಿಯಲ್ಲಿ ನಾವಿಬ್ಬರಲ್ಲದೆ ಇನ್ನಿಬ್ಬರಿದ್ದರು. ಒಬ್ಬರು ಕುಲಪತಿಗಳು. ಮೇಜಿನ ಮೇಲೆ ಹಿತ್ತಾಳೆಯ ಒತ್ತುಗಂಟೆ ಇಟ್ಟುಕೊಂಡು, ಸಮಯ ಮುಗಿದ ತಕ್ಷಣ ಟಿಣ್ ಎಂದು ಒತ್ತುವುದರಲ್ಲಿ ಅವರಿಗೆ ಸಿಗುವ ಸುಖ ಬೇರೆ ಯಾವುದರಲ್ಲೂ ಇಲ್ಲ. ಇನ್ನೊಬ್ಬರು ಡೀನ್. ಕಣ್ಣು ಮುಚ್ಚಿ ಆಳವಾಗಿ ಯೋಚಿಸುತ್ತಾರೆ ಎಂದು ಅವರನ್ನು ಹೊಗಳುವವರಿದ್ದಾರೆ. ಪಕ್ಕದಲ್ಲಿ ಕೂತು ಗೊರಕೆ ಕೇಳಿದವರು ನಾವು.

ಕರೆ ಕಳಿಸಿದ್ದು ಮೂವರಿಗೆ. ಒಬ್ಬರು ಬರಲೇ ಇಲ್ಲ. ಮೊದಲು ಒಳಗೆ ಬಂದವನ ಪ್ರಬಂಧಗಳ ಪಟ್ಟಿ ತೂಕಕ್ಕೆ ಹಾಕುವಷ್ಟಿತ್ತು. ಅವನು ಪರದೆಯ ಮೇಲೆ ಅಕ್ಷರಗಳನ್ನು ಮೂಡಿಸಿ, ಅವನ್ನೇ ನಮಗೆ ಓದಿ ಹೇಳಿ, ಖಾಲಿ ಬೆಂಚುಗಳ ಕಡೆ ತಿರುಗಿ 'ಅರ್ಥ ಆಯ್ತಾ?' ಎಂದು ಕೇಳಿದ. ಬೆಂಚುಗಳಿಗೆ ಅರ್ಥವಾಗಿರಬೇಕು, ಯಾವುದೂ ತಕರಾರು ತೆಗೆಯಲಿಲ್ಲ. ವಿದೇಶದಲ್ಲಿ ತನಗೊಂದು ಕೆಲಸ ಹೆಚ್ಚುಕಡಿಮೆ ಗಟ್ಟಿಯಾಗಿದೆ, ಅಲ್ಲಿಯವರೆಗೆ ಇಲ್ಲಿರುತ್ತೇನೆ ಎಂದು ಕೊನೆಗೆ ತಾನೇ ಒಪ್ಪಿಕೊಂಡ. ಕುಲಪತಿಗಳು ಗಂಟೆ ಒತ್ತಿದರು.

'ಇನ್ನೊಬ್ಬರನ್ನ ಶಾಸ್ತ್ರಕ್ಕೆ ನೋಡೋಣ' ಎಂದ ಮೈದುನ. 'ಎರಡೇ ಪ್ರಬಂಧ ಅವರದ್ದು. ಆಮೇಲೆ ಯಾರೂ ಸೂಕ್ತರಲ್ಲ ಅಂತ ಬರೆದು ಮುಗಿಸಬಹುದು.' ನನ್ನ ಮುಖ ನೋಡದೆ ಹೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಆ ಇನ್ನೊಬ್ಬಳ ಮೇಲೆ ನನಗೂ ಅಷ್ಟೇನೂ ಭರವಸೆ ಇರಲಿಲ್ಲ.

ಅವಳು ಬಂದಳು. ಮೂವತ್ತೈದರ ಆಸುಪಾಸು, ರಾತ್ರಿ ಬಸ್ಸಿನಲ್ಲಿ ಬಂದ ಬಟ್ಟೆಯ ಸುಕ್ಕು ಇನ್ನೂ ಹೋಗಿರಲಿಲ್ಲ. ಜಪಾನಿನ ವೃದ್ಧಾಶ್ರಮಗಳಿಗೆ ಕೆಲಸಕ್ಕೆ ಹೋಗುವ ನರ್ಸುಗಳಿಗೆ ಸಂಜೆ ಭಾಷೆ ಕಲಿಸುವುದು ಅವಳ ಸದ್ಯದ ಉದ್ಯೋಗ. ಡಾಕ್ಟರೇಟ್ ಮಾಡಿದ್ದು ಕೊಂಡಿ ಪದ್ಯಗಳ ಮೇಲೆ. ನಾಲ್ಕೈದು ಜನ ಒಟ್ಟಿಗೆ ಕೂತು, ಒಬ್ಬರ ಪದ್ಯಕ್ಕೆ ಇನ್ನೊಬ್ಬರು ಪದ್ಯ ಕೂಡಿಸುತ್ತಾ ಹೋಗುವ ಪದ್ಧತಿ ಅದು. ಜಪಾನಿಯರು ರೆಂಗ ಅನ್ನುತ್ತಾರೆ. ನೂರಾರು ವರ್ಷಗಳ ಹಿಂದೆ ಸನ್ಯಾಸಿ, ವ್ಯಾಪಾರಿ, ನಾಳೆ ಯುದ್ಧಕ್ಕೆ ಹೊರಡುವ ಸೈನಿಕ, ಎಲ್ಲರೂ ಒಂದೇ ಚಾಪೆಯ ಮೇಲೆ ಕೂತು ಕಟ್ಟುತ್ತಿದ್ದರು. ಇದನ್ನೆಲ್ಲ ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ, ಬಾಯಿಪಾಠ ಬರುತ್ತದೆ.

ಅವಳು ಬೆಂಚುಗಳನ್ನು ನೋಡಿದಳು. ಆಮೇಲೆ ಹಿಂದಿನ ಗೋಡೆಗೆ ಒರಗಿ ಕುರ್ಚಿಗಳಲ್ಲಿ ಕೂತಿದ್ದ ನಮ್ಮನ್ನು ನೋಡಿದಳು.

'ವಿದ್ಯಾರ್ಥಿಗಳು ಇಲ್ವಾ?'

'ಪರೀಕ್ಷೆ ನಡೀತಿದೆ. ಇದ್ದಾರೆ ಅಂದ್ಕೊಂಡು ಮಾಡಿಬಿಡಿ' ಎಂದರು ಕುಲಪತಿಗಳು.

'ಬೇರೆ ಪಾಠ ಆಗಿದ್ರೆ ಮಾಡ್ತಿದ್ದೆ ಸರ್. ಇದು ಒಬ್ಬರ ಕೈಲಿ ಆಗೋದಲ್ಲ' ಎಂದು ನಮ್ಮ ತಲೆಗಳನ್ನು ಎಣಿಸಿ, 'ನೀವು ನಾಲ್ಕು ಜನ ಇದ್ದೀರಲ್ಲ. ದಯವಿಟ್ಟು ಮುಂದೆ ಬಂದು ಕೂತ್ಕೊಳ್ತೀರಾ?' ಎಂದಳು.

ಕುಲಪತಿಗಳನ್ನು ಬೆಂಚಿಗೆ ಕರೆದವರು ಆ ವಿಶ್ವವಿದ್ಯಾಲಯದ ಚರಿತ್ರೆಯಲ್ಲೇ ಇರಲಾರರು. ಮುಗಿಯಿತು ಇವಳ ಕತೆ, ಇವಳ ಜೊತೆ ನನ್ನದೂ, ಎಂದುಕೊಂಡೆ. ಅವರು ಹುಬ್ಬೇರಿಸಿದರು, ಗಂಟೆಯ ಮೇಲೆ ಕೈ ಇಟ್ಟರು, ಆಮೇಲೆ ಅದೇನನ್ನಿಸಿತೋ, ಎದ್ದು ಬಂದು ಮೊದಲ ಬೆಂಚಿನಲ್ಲಿ ಮೊಣಕಾಲು ಮಡಚಲು ಹೆಣಗಾಡುತ್ತಾ ಕೂತರು. ಅವರೇ ಕೂತ ಮೇಲೆ ನಮ್ಮದೇನು? ಡೀನರನ್ನು ಎಬ್ಬಿಸಿ ಕರೆದುಕೊಂಡು ಬಂದೆವು. ಜಾಗ ಹಂಚಿಹೋಗಿ ಮೈದುನ ಮೂರನೆಯವನಾದ, ಅವನ ಪಕ್ಕದಲ್ಲಿ ನಾನು ಕೊನೆಯವಳು.

'ಎರಡೇ ಕಟ್ಟಳೆ' ಎಂದಳು ಅವಳು ಸೀಮೆಸುಣ್ಣ ತೆಗೆದುಕೊಂಡು. 'ನಿಮ್ಮ ಪದ್ಯ ಪಕ್ಕದವರ ಪದ್ಯದ ಕೈ ಹಿಡೀಬೇಕು. ಆದ್ರೆ ಅದರ ಆಚೆಯ ಪದ್ಯದ ಕೈ ಬಿಟ್ಟಿರ್ಬೇಕು. ಎಷ್ಟೇ ಚೆನ್ನಾಗಿದ್ರೂ ವಾಪಸ್ ಹೋಗೋ ಹಾಗಿಲ್ಲ. ಮೂರು ಸಾಲು ಒಬ್ಬರದು, ಎರಡು ಸಾಲು ಮುಂದಿನವರದು. ಮೊದಲನೆಯದು ನಾನು ಹೇಳ್ತೀನಿ. ಅದು ಕೂತವರಿಗೆ, ಕೂತ ಜಾಗಕ್ಕೆ ನಮಸ್ಕಾರ ಹೇಳಿದ ಹಾಗೆ.'

ಹಲಗೆಯ ಮೇಲೆ ಬರೆದಳು.

ಖಾಲಿ ಬೆಂಚಿನ ಸಾಲು
ಕಿಟಕಿಯಿಂದ ಬಂದ ಬಿಸಿಲು
ಎಲ್ಲಕ್ಕಿಂತ ಮುಂದೆ ಕೂತಿದೆ

ನಾವೆಲ್ಲ ತಿರುಗಿ ನೋಡಿದೆವು. ನಿಜಕ್ಕೂ ಕೂತಿತ್ತು. ಕುಲಪತಿಗಳ ಮಗ್ಗುಲಲ್ಲೇ, ಬೆಂಚಿನ ಮೇಲೆ ಒಂದು ತುಂಡು ಬಿಸಿಲು. ಮೂವತ್ತು ವರ್ಷದಿಂದ ಆ ಕೋಣೆಗೆ ಬಂದುಹೋಗುತ್ತಿರುವ ಆ ವಿದ್ಯಾರ್ಥಿಯನ್ನು ನಾನು ಅವತ್ತೇ ನೋಡಿದ್ದು.

ಕುಲಪತಿಗಳು ಗಂಟಲು ಸರಿಮಾಡಿಕೊಂಡು 'ವಿದ್ಯೆಯೇ ಬೆಳಕು, ಬೆಳಕೇ ವಿದ್ಯೆ' ಎಂದರು. ನಾವು ಅಭ್ಯಾಸಬಲದಿಂದ ತಲೆಯಾಡಿಸಿದೆವು.

'ಇದು ಭಾಷಣ ಆಯ್ತು ಸರ್' ಎಂದಳು ಅವಳು, ಬಹಳ ಮರ್ಯಾದೆಯಿಂದ. 'ಬೆಂಚು ಖಾಲಿ ಇದೆ. ನೀವು ಒಳಗೆ ಬರ್ತೀರಿ. ಏನಾಗತ್ತೆ?'

ಅವರ ಮುಖ ಕೆಂಪಗಾಯಿತು. ಆಮೇಲೆ ಕೆಂಪು ಇಳಿಯಿತು. ಹಿಂದೆ ಅವರೂ ಒಬ್ಬ ಸಾಮಾನ್ಯ ಮೇಷ್ಟ್ರಾಗಿದ್ದವರು ಎಂಬುದು ಅವರಿಗೂ ಮರೆತುಹೋಗಿತ್ತೇನೋ. ತಗ್ಗಿದ ದನಿಯಲ್ಲಿ ಹೇಳಿದರು.

ಹಾಜರಿ ಕೂಗಿದವನಿಗೆ
ತನ್ನ ದನಿಯೇ ಉತ್ತರ

ಅವಳು ಅದನ್ನು ಹಲಗೆಗೆ ಏರಿಸಿದಳು. ಡೀನ್ ಅಷ್ಟು ಹೊತ್ತಿಗೆ ಪೂರ್ತಿ ಎಚ್ಚರವಾಗಿದ್ದರು. ಅವರು ಕಣ್ಣು ಮುಚ್ಚಿದಾಗ ಮತ್ತೆ ಹೋದರು ಎಂದು ನಾನು ಮೈದುನನ ಬೆನ್ನ ಹಿಂದಿನಿಂದ ಕೈ ಚಾಚಿ ತಿವಿಯಲು ಸಿದ್ಧಳಾದೆ. ಆದರೆ ಈ ಸಲ ಅವರು ನಿಜವಾಗಿ ಯೋಚಿಸುತ್ತಿದ್ದರು.

'ಪಾಠದ ಕೋಣೆಯಿಂದ ಹೊರಗೆ ಬರ್ಬೇಕು, ಅಲ್ವಾ? ದನಿ ಮಾತ್ರ ಇಟ್ಕೋಬಹುದು?' ಎಂದು ಕೇಳಿ, ಎಳೆಯ ಮಕ್ಕಳ ಹಾಗೆ ಬೆರಳು ಎಣಿಸುತ್ತಾ ಹೇಳಿದರು.

ಬಾವಿಯೊಳಗೆ ಬಗ್ಗಿ
ತನ್ನ ಹೆಸರು ಕೂಗಿದ ಮಗು
ಇನ್ನಷ್ಟು ಬಗ್ಗಿತು

ಈ ಮನುಷ್ಯನ ಪಕ್ಕದಲ್ಲಿ ಎಷ್ಟು ಸಭೆಗಳಲ್ಲಿ ಕೂತಿದ್ದೇನೆ, ಚಹಾ ಬಂತು ಎಂದು ಎಬ್ಬಿಸಿದ್ದೇನೆ. ಇವರೊಳಗೆ ಒಂದು ಬಾವಿ ಇತ್ತೆಂದು ಯಾರಿಗೆ ಗೊತ್ತಿತ್ತು? ಹಲಗೆಯ ಮೇಲೆ ತರಗತಿ ಇತ್ತು, ಅದು ದನಿಯಾಯಿತು, ದನಿ ಬಾವಿಯಾಯಿತು. ಒಬ್ಬರಿಗೊಬ್ಬರು ಹೇಳಿಕೊಂಡು ಮಾಡಿದ್ದಲ್ಲ. ನಮ್ಮ ನಾಲ್ವರಲ್ಲಿ ಯಾರಿಗೂ ಬರೆಯಲು ಬಾರದ ಒಂದು ವಸ್ತು ನಮ್ಮ ಕಣ್ಣೆದುರೇ ತಾನಾಗಿ ಬೆಳೆಯುತ್ತಿತ್ತು.

ಮೈದುನನ ಸರದಿ. ಇವನು ಅಂಕಿಗಳ ಮನುಷ್ಯ, 'ನಂಗೆ ಇದೆಲ್ಲ ಬರಲ್ಲ' ಎಂದು ಕೈ ಚೆಲ್ಲುತ್ತಾನೆ, ಆಟ ಇಲ್ಲಿಗೆ ಮುಗಿಯುತ್ತದೆ ಎಂದುಕೊಂಡೆ. ಅವನು ಹಲಗೆಯನ್ನೇ ನೋಡುತ್ತಿದ್ದ. ಅವನ ಕೈ ಬೆಂಚಿನ ಅಂಚನ್ನು ಹಿಡಿದಿತ್ತು. ಅವಳು ಅವಸರ ಮಾಡಲಿಲ್ಲ. ಕೊನೆಗೆ, ಯಾರಿಗೂ ಹೇಳುತ್ತಿಲ್ಲ ಎಂಬಂತೆ ಹೇಳಿದ.

ಅಣ್ಣ ಹಿಂದಿನಿಂದ ಬಂದು
ಅಂಗಿ ಹಿಡಿದುಕೊಂಡ

ಅವಳು ಅದನ್ನೂ ಬರೆದಳು.

ನನ್ನ ಕಣ್ಣಿಗೆ ಹಲಗೆ ಮಂಜಾಯಿತು. ಎಲ್ಲ ರಸ್ತೆಗಳಲ್ಲೂ, ಎಲ್ಲ ಮೆಟ್ಟಿಲುಗಳಲ್ಲೂ ನನ್ನ ಬೆನ್ನ ಹಿಂದೆ ಬಟ್ಟೆಯ ತುದಿ ಬಿಗಿಯಾದದ್ದು ಮತ್ತೆ ನನಗೆ ತಿಳಿಯಿತು. ಪುಕ್ಕಲು ಎಂದು ನಗುತ್ತಿದ್ದೆವಲ್ಲ, ಆಗ ತಮ್ಮನೊಬ್ಬ ಮಾತ್ರ ಎಂದೂ ನಗುತ್ತಿರಲಿಲ್ಲ ಎಂಬುದು ಈಗ ನೆನಪಾಯಿತು. ಆ ಮನುಷ್ಯ ಒಮ್ಮೆ ಒಬ್ಬನನ್ನು ಹಿಡಿದುಕೊಂಡಿದ್ದರು, ಆಮೇಲೆ ಜೀವಮಾನವಿಡೀ ಯಾರನ್ನೂ ಬಿಡಲು ಅವರಿಗೆ ಧೈರ್ಯ ಬರಲಿಲ್ಲ. ಅಷ್ಟು ವರ್ಷ ಸಂಸಾರ ಮಾಡಿದರೂ ನನಗೆ ಗೊತ್ತಾಗದ್ದು ಎರಡು ಸಾಲಿನಲ್ಲಿ ಗೊತ್ತಾಯಿತು. ಯಾವ ದೇಶದವರೋ ಎಂದೋ ಮಾಡಿಟ್ಟ ಒಂದು ಕಟ್ಟಳೆ, ನಮ್ಮ ಮನೆಯ ಬಾಗಿಲನ್ನು ತಟ್ಟಿ ತೆರೆದಿತ್ತು.

'ಮೇಡಂ, ನಿಮ್ಮದು' ಎಂದಳು ಅವಳು.

ನಾನು ಆ ವಿಷಯದ ಪ್ರಾಧ್ಯಾಪಕಿ. ಥಟ್ಟನೆ ಹೇಳಿದೆ. 'ಆ ಕೈಯ ಬಿಗಿತ, ನೀರಿನ ಅಂಚಿನಲ್ಲಿ, ಇನ್ನೂ ಹಾಗೇ ಇದೆ.'

ಅವಳು ಸೀಮೆಸುಣ್ಣ ಎತ್ತಲಿಲ್ಲ. 'ಬಾವಿಯ ನೀರಿಗೆ ವಾಪಸ್ ಹೋಗ್ಬಿಟ್ರಿ ಮೇಡಂ' ಎಂದಳು ಮೆಲ್ಲಗೆ.

ಕುಲಪತಿಗಳೂ ಡೀನರೂ ನನ್ನ ಕಡೆ ತಿರುಗಿದರು. ಮೊದಲ ವರ್ಷದ ಮಕ್ಕಳು ಮಾಡುವ ತಪ್ಪು. ಅದಕ್ಕೆ ಎಷ್ಟು ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿಯಿಂದ ಸುತ್ತು ಹಾಕಿದ್ದೇನೋ ಲೆಕ್ಕವಿಲ್ಲ. ಆದರೆ ಅವಮಾನವಾಗಲಿಲ್ಲ, ಆಶ್ಚರ್ಯವಾಯಿತು. ಕಟ್ಟಳೆ ಹೇಳುವುದು ಬೇರೆ, ಅದರ ಒಳಗೆ ಕೂರುವುದು ಬೇರೆ. ಬಾವಿಯ ಅಂಚಿನಲ್ಲೇ ನಿಂತುಬಿಡಬೇಕೆಂದು ಮನಸ್ಸು ಎಷ್ಟು ಎಳೆಯುತ್ತದೆ! ಎಳೆಯುತ್ತದೆ ಎಂದು ಗೊತ್ತಿದ್ದವರೇ ಈ ಕಟ್ಟಳೆ ಮಾಡಿರಬೇಕು. ಮೂವತ್ತು ವರ್ಷ ಹೇಳಿಕೊಟ್ಟ ಪಾಠದ ತಿರುಳು ನನಗೆ ತಲುಪಿದ್ದು ಆ ಬೆಂಚಿನ ಮೇಲೆ.

ಬಾವಿಯನ್ನು ಬಿಟ್ಟೆ. ಉಳಿದದ್ದು ಅಂಗಿ. ಹಿಂದಿನ ವಾರ ನನ್ನವರ ಅಂಗಿಗಳನ್ನು ಒಂದು ಚೀಲದಲ್ಲಿ ತುಂಬಿಕೊಂಡು ದರ್ಜಿಯ ಅಂಗಡಿಗೆ ಹೋಗಿದ್ದೆ. ಕಪಾಟಿನಲ್ಲಿ ಸುಮ್ಮನೆ ತೂಗುವುದಕ್ಕಿಂತ ಯಾರಾದರೂ ಹಾಕಿಕೊಳ್ಳಲಿ ಎಂಬ ಆಸೆ. ಅವನು ಕೇಳಿದ್ದಕ್ಕೆ ಉತ್ತರ ಹೇಳಲಾಗದೆ ಚೀಲ ಅಲ್ಲೇ ಬಿಟ್ಟು ಮನೆಗೆ ಬಂದಿದ್ದೆ.

ಹಳೆಯ ಅಂಗಿ ಹರವಿ
ಯಾರ ಅಳತೆಗೆ ಎಂದು
ದರ್ಜಿ ಕೇಳುತ್ತಾನೆ

ಅವಳು ಬರೆದಳು. ಬರೆದು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಬಿಸಿಲು, ಹಾಜರಿ, ಬಾವಿ, ಅಣ್ಣ, ಅಂಗಿ. ಮೇಲಿನಿಂದ ಕೆಳಗೆ ಓದಿದರೆ ಅದು ಯಾರೊಬ್ಬರ ಕತೆಯೂ ಅಲ್ಲ, ನಮ್ಮೆಲ್ಲರದ್ದೂ ಹೌದು. ನಾವು ನಾಲ್ವರು ಹಲಗೆಯ ಮುಂದೆ ಬಾಯಿ ತೆರೆದುಕೊಂಡು ಕೂತಿದ್ದೆವು, ನಮ್ಮದೇ ಮನೆಗೆ ಅತಿಥಿಗಳಾಗಿ ಬಂದವರ ಹಾಗೆ. ಅವಳು ಐದನೆಯದರ ಕೆಳಗೆ ಆರು ಎಂದು ಬರೆದಳು. ಅಷ್ಟರಲ್ಲಿ ಕೆಳಗೆ ಪರೀಕ್ಷೆ ಮುಗಿದ ಗಂಟೆ ಬಾರಿಸಿತು. ಅವಳು ಗಡಿಯಾರ ನೋಡಿ ಸೀಮೆಸುಣ್ಣ ಕೆಳಗಿಟ್ಟಳು.

'ಕ್ಷಮಿಸಿ, ನನ್ನ ಸಮಯ ಯಾವಾಗ್ಲೋ ಮುಗಿದಿದೆ.'

'ಅಯ್ಯೋ, ಆರನೆಯದು?' ಎಂದರು ಡೀನ್.

'ಅದು ನನ್ನ ಸರದಿ ಸರ್. ಇನ್ನೊಮ್ಮೆ ಕೂತಾಗ ಹೇಳ್ತೀನಿ' ಎಂದು ಕೈಯ ಪುಡಿ ಒರೆಸಿಕೊಂಡು ಹೊರಗೆ ಹೋದಳು. ಅದು ಜಾಣತನವೋ ಸಂಕೋಚವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕುಲಪತಿಗಳ ಗಂಟೆ ಹಿಂದಿನ ಮೇಜಿನ ಮೇಲೇ ಇತ್ತು. ಅದನ್ನು ಒತ್ತುವುದನ್ನು ಅವರು ಮರೆತೇಬಿಟ್ಟಿದ್ದರು.

ಯಾರೂ ಕುರ್ಚಿಗಳಿಗೆ ವಾಪಸ್ ಹೋಗಲಿಲ್ಲ. ಬೆಂಚಿನಲ್ಲಿ ಕೂತೇ ಕುಲಪತಿಗಳು ಕೇಳಿದರು.

'ಏನು ಮಾಡೋಣ? ಸಂಖ್ಯಾಶಾಸ್ತ್ರದವರು ಏನೋ ಹೇಳ್ತಿದ್ರಿ. ಎರಡೇ ಪ್ರಬಂಧ ಅಂತ.'

ಮೂರು ಕಪಾಟು ಪುಸ್ತಕ, ಬಾಗಿಲ ಫಲಕ, ಎಲ್ಲ ಈಗ ಅವನ ಒಂದು ಮಾತಿನ ಮೇಲಿತ್ತು. 'ಪದ್ಯ ಚೆನ್ನಾಗಿತ್ತು, ಆದ್ರೆ ಹುದ್ದೆ ನಮಗೆ ಬೇಕು' ಎಂದು ಅವನು ಅಂದರೂ ಅವನನ್ನು ಯಾರೂ ತಪ್ಪು ಎನ್ನುವಂತಿರಲಿಲ್ಲ. ಮೈದುನ ಹಲಗೆಯನ್ನು ನೋಡಿದ. ಆರು ಎಂಬ ಅಂಕಿ, ಅದರ ಮುಂದೆ ಖಾಲಿ.

'ಆರನೆಯದು ಅವರದೇ ಅಲ್ವಾ?' ಎಂದು ಕೇಳಿದ.

'ಅವಳದೇ' ಎಂದೆ ನಾನು. 'ಸುತ್ತು ಅವಳಿಂದಲೇ ಶುರುವಾಯ್ತಲ್ಲ.'

'ಹಾಗಾದ್ರೆ ಅವರನ್ನ ತಗೊಳ್ಳಿ ಸರ್. ಇದನ್ನ ಹೀಗೇ ಬಿಟ್ಟು ಹೋಗೋಕೆ ನನ್ನ ಕೈಲಿ ಆಗಲ್ಲ.'

'ನಿಮ್ಮ ಹುದ್ದೆ?'

'ನನ್ನ ಮಕ್ಕಳು ಇನ್ನೊಂದಷ್ಟು ದಿನ ಕಿಟಕಿ ಮೇಲೆ ಕೂತ್ಕೋತಾರೆ. ಏನ್ಮಾಡೋದು, ಅಭ್ಯಾಸ ಆಗಿದೆ ಅವಕ್ಕೆ.'

ಕುಲಪತಿಗಳು ಸಹಿ ಹಾಕಿದರು, ಡೀನ್ ಹಾಕಿದರು, ಅವನು ಹಾಕಿದ. ಕೊನೆಯದಾಗಿ ನಾನು ಹಾಕಿದೆ. ಹಲಗೆಯನ್ನು ಯಾರೂ ಒರೆಸಬಾರದು ಎಂದು ಕುಲಪತಿಗಳು ಬಾಯಿಮಾತಿನಲ್ಲೇ ಆಜ್ಞೆ ಮಾಡಿದರು. ಸುತ್ತೋಲೆ ಇಲ್ಲದೆ ಜಾರಿಗೆ ಬಂದ ಮೊದಲ ಆಜ್ಞೆ ಅದೇ ಇರಬೇಕು.

ಹೊರಗೆ ಕಾರಿಡಾರ್‌ನಲ್ಲಿ ಪರೀಕ್ಷೆ ಮುಗಿಸಿದ ಮಕ್ಕಳು ಗದ್ದಲ ಮಾಡುತ್ತಾ ಮೆಟ್ಟಿಲು ಹತ್ತಿ ಬರುತ್ತಿದ್ದರು. ನಾವಿಬ್ಬರೂ ಗೋಡೆಗೆ ಒತ್ತರಿಸಿ ನಿಂತು ದಾರಿ ಬಿಟ್ಟೆವು. ಅವನು ಹೋಗಲಿಲ್ಲ. ನಾನೂ ಹೋಗಲಿಲ್ಲ.

'ಆ ಬಾವಿ ಎಲ್ಲಿತ್ತೋ?' ಎಂದು ಕೇಳಿದೆ. ಸರ್ ಎನ್ನಲು ನಾಲಿಗೆ ಹೊರಳಲಿಲ್ಲ. 'ನೀನಾಗ ಎಷ್ಟು ಚಿಕ್ಕವನು? ಅವರು ನನಗೆ ಒಂದು ದಿನವೂ ಹೇಳಲಿಲ್ಲವಲ್ಲ.'

ಅವನ ಕಣ್ಣು ತುಂಬಿತ್ತು, ಆದರೂ ಬಾಯಿಯ ಮೂಲೆಯಲ್ಲಿ ಒಂದು ನಗು ಬಂತು. ಅವನ ಅಣ್ಣನದೇ ನಗು.

'ಅದನ್ನೆಲ್ಲ ದಾಟಿ ಬಂದಾಯ್ತು ಅತ್ತಿಗೆ. ವಾಪಸ್ ಹೋಗೋ ಹಾಗಿಲ್ಲ ಅಂದ್ರಲ್ಲ ಅವರು.'

ಅತ್ತಿಗೆ ಎಂದ. ನಾನು ಅವನ ಭುಜಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ.

'ಸರಿ, ಹಾಗಾದ್ರೆ ಅಂಗಿ ವಿಷಯ ಮಾತಾಡೋಣ' ಎಂದೆ. 'ನಾಳೆ ಸಂಜೆ ದರ್ಜಿ ಹತ್ರ ಬಾ. ಭುಜ ಸ್ವಲ್ಪ ಸಣ್ಣ ಮಾಡಿಸ್ಬೇಕಾಗತ್ತೆ.'